ನಂದಿ ಗ್ರಾಮದ ಶ್ರೀ ಭೋಗನಂದೀಶ್ವರ ಸ್ವಾಮಿ ದರ್ಶನ: ವಿದ್ಯಾರಣ್ಯಪುರ ಹಾಗೂ ಸುತ್ತಲಿನ ಭಕ್ತಾದಿಗಳ ಮಾಹಿತಿಗಾಗಿ

ಬೆಂಗಳೂರು ಉತ್ತರ ಭಾಗದ ವಿದ್ಯಾರಣ್ಯಪುರ, ಕೊಡಿಗೇಹಳ್ಳಿ, ಸಹಕಾರನಗರ, ಯಲಹಂಕ ಮುಂತಾದ ಬಡಾವಣೆಗಳ ನಾಗರಿಕರು ಕುಟುಂಬ ಸಮೇತರಾಗಿ ಒಂದೇ ದಿನದಲ್ಲಿ ಹೋಗಿ ದರ್ಶನ ಪಡೆದು ಹಿಂದಿರುಗಬಹುದಾದ ಪ್ರಾಚೀನ ದೇವಾಲಯಗಳಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕು ನಂದಿ ಗ್ರಾಮದ ಶ್ರೀ ಭೋಗನಂದೀಶ್ವರ ಸ್ವಾಮಿ ದೇವಾಲಯವು ಪ್ರಮುಖವಾದುದು. ಅಲ್ಲಿಗೆ ತೆರಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಕೆಲವೇ. ಸೇವೆಯ ಹಣವನ್ನು ಎಲ್ಲಿ ಪಾವತಿಸಬೇಕು, ನೂತನ ವಧೂವರರ ಛಾಯಾಚಿತ್ರ ತೆಗೆಸಬಹುದೇ, ಪ್ರಾಕಾರದಲ್ಲಿ ಕುಳಿತು ಬುತ್ತಿ ಊಟ ಮಾಡಬಹುದೇ, ಹುಂಡಿಗೆ ಹಾಕಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುವೇ ಆ ಪ್ರಶ್ನೆಗಳು. ಇವಕ್ಕೆ ಒಂದೇ ಕಚೇರಿಯಿಂದ ಉತ್ತರ ದೊರೆಯದಿರುವುದರಿಂದ ಅರ್ಜಿದಾರರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆಯಬೇಕಾಗುತ್ತದೆ. ಇದಕ್ಕೆ ಕಾರಣವಿದೆ. ಈ ದೇವಾಲಯದ ಕಟ್ಟಡವು ಕೇಂದ್ರ ಸರ್ಕಾರದ ರಕ್ಷಣೆಯಲ್ಲಿದ್ದು, ಅದರೊಳಗೆ ನಡೆಯುವ ಪೂಜೆ ಹಾಗೂ ಅದರ ಜಮಾ ಖರ್ಚು ರಾಜ್ಯದ ಧಾರ್ಮಿಕ ದತ್ತಿ ಆಡಳಿತಕ್ಕೆ ಸೇರಿದೆ. ಕಲ್ಲಿಗೆ ಸಂಬಂಧಿಸಿದ ವಿಷಯ ಒಬ್ಬರದು, ಪೂಜೆಗೆ ಸಂಬಂಧಿಸಿದ ವಿಷಯ ಇನ್ನೊಬ್ಬರದು. ಈ ವ್ಯತ್ಯಾಸವನ್ನು ಭಕ್ತಾದಿಗಳು ಮೊದಲೇ ತಿಳಿದಿದ್ದಲ್ಲಿ ಅವರ ಸಮಯವೂ ಹಣವೂ ಉಳಿಯುವುದಲ್ಲದೆ, 1,200 ವರ್ಷಗಳಷ್ಟು ಹಳೆಯ ಕಲ್ಲಿಗೆ ಅರಿವಿಲ್ಲದೆ ಆಗುವ ಹಾನಿಯೂ ತಪ್ಪುತ್ತದೆ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

ವಿದ್ಯಾರಣ್ಯಪುರದಿಂದ ನಂದಿಗೆ

ವಿದ್ಯಾರಣ್ಯಪುರವು ಹದಿನಾಲ್ಕನೆಯ ಶತಮಾನದ ಯತಿಗಳೂ ಶೃಂಗೇರಿ ಪೀಠದ ಜಗದ್ಗುರುಗಳೂ ಆಗಿದ್ದ ಶ್ರೀ ವಿದ್ಯಾರಣ್ಯರ ಹೆಸರನ್ನು ಹೊತ್ತಿರುವ ಬಡಾವಣೆ. ಹೆಸರು ಹಳೆಯದಾದರೂ ಬಡಾವಣೆ ಹೊಸದು. ಇಲ್ಲಿನ ಪ್ರಸಿದ್ಧ ಶ್ರೀ ಕಾಳಿಕಾ ದುರ್ಗಾಪರಮೇಶ್ವರಿ ದೇವಾಲಯವು 1988ರಲ್ಲಿ ಸ್ಥಾಪನೆಯಾದುದು. ಆದರೆ ಸುತ್ತಲಿನ ನೆಲ ಹೊಸದಲ್ಲ. ಸಮೀಪದ ಹೆಬ್ಬಾಳದಲ್ಲಿ ಗಂಗ ದೊರೆ ಶ್ರೀಪುರುಷನ ಕಾಲದ, ಅಂದರೆ ಕ್ರಿ.ಶ. 750ರ ಸುಮಾರಿನ, ಕಿತ್ತಯ್ಯನೆಂಬ ವೀರನ ಸ್ಮಾರಕ ಶಾಸನವು ದೊರೆತಿರುತ್ತದೆ. ಮನೆ, ರಸ್ತೆ, ಚರಂಡಿಗಳ ನಡುವೆ ಇಂತಹ ಕಲ್ಲುಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಆ ಕಾಲದ ಜನರು ಕಟ್ಟಿ, ಇಂದಿಗೂ ದೀಪ ಆರದೆ ಉಳಿದಿರುವ ದೇವಾಲಯವೊಂದನ್ನು ನೋಡಬಯಸುವವರು ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಸಾಗಬೇಕು.

ನಂದಿ ಗ್ರಾಮವು ವಿದ್ಯಾರಣ್ಯಪುರದಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ. ಯಲಹಂಕ ಹಾಗೂ ದೇವನಹಳ್ಳಿ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ತೆರಳಿ, ನಂದಿಬೆಟ್ಟದ ದಿಕ್ಕಿಗೆ ಎಡಕ್ಕೆ ತಿರುಗಿ ಬೆಟ್ಟದ ಬುಡದ ಗ್ರಾಮವನ್ನು ತಲುಪಬಹುದು. ಈ ಹೆದ್ದಾರಿಯ ಹಳೆಯ ಸಂಖ್ಯೆ 7 ಆಗಿದ್ದು, ಹಳೆಯ ಕಾಗದ ಪತ್ರಗಳಲ್ಲಿಯೂ ಕೆಲವು ನಾಮಫಲಕಗಳಲ್ಲಿಯೂ ಆ ಸಂಖ್ಯೆ ಕಂಡುಬಂದಲ್ಲಿ ಗೊಂದಲ ಬೇಡ. ಬಸ್ಸಿನಲ್ಲಿ ತೆರಳುವವರು ದೇವನಹಳ್ಳಿ ಅಥವಾ ಚಿಕ್ಕಬಳ್ಳಾಪುರದಲ್ಲಿ ಇಳಿದು ಮುಂದುವರಿಯಬಹುದು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಹಳೆಯ ನಿಲ್ದಾಣವೂ ಇದ್ದು, ಸಂಚಾರ ದಟ್ಟಣೆಯಿಂದ ಬೇಸತ್ತವರಿಗೆ ಇದು ಒಳ್ಳೆಯ ದಾರಿ. ಈ ಮಾರ್ಗದಲ್ಲಿ ಗಾಡಿಗಳು ವಿರಳವಾದುದರಿಂದ ಹಿಂದಿರುಗುವ ಗಾಡಿಯ ವೇಳೆಯನ್ನು ಹೊರಡುವ ಮುನ್ನವೇ ತಿಳಿದುಕೊಳ್ಳುವುದು ಅವಶ್ಯ. ವಾರಾಂತ್ಯದ ಮುಂಜಾನೆ ಸೂರ್ಯೋದಯ ನೋಡಲು ಬೆಟ್ಟಕ್ಕೆ ಹೋಗುವ ವಾಹನಗಳಿಂದ ರಸ್ತೆ ತುಂಬಿರುತ್ತದೆ. ದೇವರ ದರ್ಶನವೇ ಉದ್ದೇಶವಾಗಿದ್ದಲ್ಲಿ ವಾರದ ನಡುವಿನ ದಿನವೇ ಉತ್ತಮ.

ಪ್ರಸಂಗವಶಾತ್ ಇಲ್ಲಿ ಒಂದು ವಿಷಯವನ್ನು ತಿಳಿಸುವುದು ಉಚಿತ. ನಂದಿಬೆಟ್ಟ ಹಾಗೂ ಅದರ ಸುತ್ತಲಿನ ಗಿರಿಗಳಲ್ಲಿ ಅರ್ಕಾವತಿ, ಪಿನಾಕಿನಿ, ಪಾಲಾರ್, ಚಿತ್ರಾವತಿ ಮುಂತಾದ ನದಿಗಳು ಹುಟ್ಟುತ್ತವೆ. ಅರ್ಕಾವತಿಯ ನೀರನ್ನು ಹೆಸರಘಟ್ಟ ಕೆರೆಯಲ್ಲಿ ಸಂಗ್ರಹಿಸಿ ಕೊಳವೆಯ ಮೂಲಕ ಬೆಂಗಳೂರಿಗೆ ತರುವ ಯೋಜನೆಯು 1890ರ ದಶಕದಲ್ಲಿ ಕಾರ್ಯಗತವಾಯಿತು. ವಿದ್ಯಾರಣ್ಯಪುರಕ್ಕೆ ಹೆಸರಘಟ್ಟ ದೂರವೇನಲ್ಲ. ನಂದಿಯ ಶಿವನಿಗೂ ಬೆಂಗಳೂರಿನ ಉತ್ತರ ಭಾಗಕ್ಕೂ ಇರುವ ನಂಟು ಭಕ್ತಿಯದು ಮಾತ್ರವಲ್ಲ, ನೀರಿನದೂ ಹೌದು.

ದೇವಾಲಯದ ಪ್ರಾಚೀನತೆ

ಈ ದೇವಾಲಯದ ಅತ್ಯಂತ ಹಳೆಯ ಉಲ್ಲೇಖವು ಕ್ರಿ.ಶ. 806ರ ಶಾಸನದಲ್ಲಿ ದೊರೆಯುತ್ತದೆ. ಅದು ರಾಷ್ಟ್ರಕೂಟ ದೊರೆ ಮುಮ್ಮಡಿ ಗೋವಿಂದನ ಹಾಗೂ ನೊಳಂಬಾಧಿರಾಜನ ಕಾಲ. ಕ್ರಿ.ಶ. 810ರ ಸುಮಾರಿನ ಬಾಣ ಅರಸರ ತಾಮ್ರಪಟಗಳೂ ಇವೆ. ದೇವಾಲಯವನ್ನು ಕಟ್ಟಿಸಿದ ಕೀರ್ತಿ ಬಾಣ ವಂಶದ ರಾಣಿ ರತ್ನಾವಳಿಗೆ ಸಲ್ಲುತ್ತದೆ. ಮುಂದೆ ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಇದಕ್ಕೆ ಸೇರ್ಪಡೆ ಮಾಡಿದರು. ಒಬ್ಬ ಅರಸನು ಹಿಂದಿನವನು ಕಟ್ಟಿಸಿದುದನ್ನು ಕೆಡವಿ ತನ್ನದನ್ನು ಎಬ್ಬಿಸದೆ, ಇದ್ದುದರ ಪಕ್ಕದಲ್ಲಿ ತನ್ನದನ್ನು ಸೇರಿಸಿದ ಕಾರಣ ಒಂದೇ ಆವರಣದಲ್ಲಿ ಹಲವು ಶತಮಾನಗಳ ಕೆಲಸವನ್ನು ನೋಡಲು ಸಾಧ್ಯವಾಗಿದೆ. ಹಳೆಯ ದೇವಾಲಯಗಳ ಜೀರ್ಣೋದ್ಧಾರವೆಂದರೆ ಹಳೆಯದನ್ನು ತೆಗೆದು ಗ್ರಾನೈಟ್ ಹಾಸುವುದೆಂದು ತಿಳಿದಿರುವ ಸಮಿತಿಗಳು ಒಮ್ಮೆ ನಂದಿಗೆ ಹೋಗಿ ಬರುವುದು ಸೂಕ್ತ.

ದಾನ ಶಾಸನಗಳನ್ನು ಕುರಿತು ಒಂದು ಮಾತು. ದೇವರಿಗೆ ಭೂಮಿಯನ್ನು ಬಿಟ್ಟ ಅರಸನು ಅದರ ಎಲ್ಲೆಗಳನ್ನು ಹೇಳಿ, ಸಾಕ್ಷಿಗಳನ್ನು ಹೇಳಿ, ಕೊನೆಗೆ ಇದನ್ನು ಅಪಹರಿಸಿದವನಿಗೆ ಒದಗುವ ಗತಿಯನ್ನು ಶಾಪದ ರೂಪದಲ್ಲಿ ಬರೆಸುವುದು ವಾಡಿಕೆಯಾಗಿತ್ತು. ದೇವರ ಆಸ್ತಿಯ ವಿವರ, ಅದರ ಉದ್ದೇಶ, ದುರುಪಯೋಗಕ್ಕೆ ದಂಡನೆ ಎಂಬ ಈ ಮೂರೂ ಇಂದಿನ ಕಾನೂನಿನಲ್ಲಿಯೂ ಇವೆ. ಶಾಪದ ಜಾಗದಲ್ಲಿ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದಿದೆ ಎಂಬುದಷ್ಟೇ ವ್ಯತ್ಯಾಸ.

ದರ್ಶನದ ಕ್ರಮ

ಪೂರ್ವಾಭಿಮುಖವಾಗಿರುವ ಆವರಣವನ್ನು ಪ್ರವೇಶಿಸಿದೊಡನೆ ಒಂದೇ ಸಾಲಿನಲ್ಲಿ ಎರಡು ದೊಡ್ಡ ಗುಡಿಗಳೂ ಅವುಗಳ ನಡುವೆ ಒಂದು ಚಿಕ್ಕ ಗುಡಿಯೂ ಕಾಣುತ್ತವೆ. ದಕ್ಷಿಣದ್ದು ಅರುಣಾಚಲೇಶ್ವರ, ಉತ್ತರದ್ದು ಭೋಗನಂದೀಶ್ವರ, ನಡುವಿನದು ಉಮಾಮಹೇಶ್ವರ. ಎರಡು ದೊಡ್ಡ ಗುಡಿಗಳಿಗೂ ಪ್ರತ್ಯೇಕ ಗರ್ಭಗೃಹ, ನವರಂಗ, ಎದುರಿಗೆ ನಂದಿ ಮಂಟಪ, ಮೇಲೆ ದ್ರಾವಿಡ ಶೈಲಿಯ ಶಿಖರಗಳಿವೆ. ದೂರದಿಂದ ನೋಡಿದವರಿಗೆ ಎರಡೂ ಒಂದರ ಪ್ರತಿಯಂತೆ ತೋರಿದರೂ ಹತ್ತಿರ ಹೋದಾಗ ವ್ಯತ್ಯಾಸ ತಿಳಿಯುತ್ತದೆ. ಭೋಗನಂದೀಶ್ವರ ಗುಡಿಯ ಹೊರಗೋಡೆಯ ಕಲ್ಲಿನ ಜಾಲಂಧ್ರಗಳನ್ನು ಅವಶ್ಯವಾಗಿ ಗಮನಿಸಬೇಕು. ನೃತ್ಯ ಮಾಡುವ ಶಿವ, ಮಹಿಷನ ತಲೆಯ ಮೇಲೆ ನಿಂತ ದುರ್ಗೆ ಇವರನ್ನು ಕಿಟಕಿಯ ರಂಧ್ರಗಳ ನಡುವೆಯೇ ಕಡೆಯಲಾಗಿದೆ. ಹೊರಗಿನ ಬೆಳಕು ಆ ಮೂರ್ತಿಗಳ ಸಂದಿಯಿಂದ ಒಳಗೆ ಬರುತ್ತದೆ. ಪ್ರದಕ್ಷಿಣೆಯನ್ನು ಅವಸರದಲ್ಲಿ ಮುಗಿಸುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಸ್ಥಳೀಯ ಸಂಪ್ರದಾಯದಂತೆ ಅರುಣಾಚಲೇಶ್ವರನು ಶಿವನ ಬಾಲ್ಯವನ್ನು, ಭೋಗನಂದೀಶ್ವರನು ಯೌವನವನ್ನು, ಬೆಟ್ಟದ ಮೇಲಿನ ಯೋಗನಂದೀಶ್ವರನು ವೈರಾಗ್ಯವನ್ನು ಸೂಚಿಸುತ್ತಾರೆ. ಆದ್ದರಿಂದಲೇ ಕೆಳಗೆ ಉತ್ಸವಗಳು ವೈಭವದಿಂದ ನಡೆಯುತ್ತವೆ, ಮೇಲೆ ಉತ್ಸವವಿಲ್ಲ. ಮೂರು ದರ್ಶನಗಳನ್ನೂ ಒಂದೇ ದಿನ ಮಾಡಬೇಕೆಂಬ ನಿಯಮವಿಲ್ಲ. ಆದರೆ ಹಿರಿಯರು ಈ ಕ್ರಮವನ್ನು ಅನುಸರಿಸಿ ಕೆಳಗಿನಿಂದ ಮೇಲಕ್ಕೆ ಹೋಗುವುದುಂಟು.

ಉಮಾಮಹೇಶ್ವರ ಗುಡಿಯ ಎದುರಿನ ಕಲ್ಯಾಣ ಮಂಟಪದ ಬಳಿ ಹೆಚ್ಚು ಹೊತ್ತು ನಿಲ್ಲುವುದು ಒಳಿತು. ನುಣುಪಾದ ಕಪ್ಪು ಕಲ್ಲಿನ ನಾಲ್ಕು ಕಂಬಗಳಲ್ಲಿ ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ ಎಂಬ ನಾಲ್ಕು ದಂಪತಿಗಳನ್ನು ಬಿಡಿಸಲಾಗಿದೆ. ಮದುವೆಯಾದ ಹೊಸತರಲ್ಲಿ ವಧೂವರರನ್ನು ಇಲ್ಲಿಗೆ ಕರೆತಂದು ಆಶೀರ್ವಾದ ಪಡೆಯುವ ಪದ್ಧತಿ ಈ ಸೀಮೆಯಲ್ಲಿ ಹಿಂದಿನಿಂದಲೂ ಇದೆ. ಮಂಟಪದ ಹೂಬಳ್ಳಿಗಳ, ಗಿಳಿಗಳ ಕೆತ್ತನೆ ಎಷ್ಟು ಸೂಕ್ಷ್ಮವೆಂದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಆದರೆ ಕೈ ಮುಂದೆ ಹೋಗಬಾರದು. ಬೆರಳಿನ ಜಿಡ್ಡು, ಕುಂಕುಮ, ಕರ್ಪೂರದ ಮಸಿ, ಹರಕೆಯ ಎಣ್ಣೆ ಇವೆಲ್ಲ ಕಲ್ಲಿನ ಮೇಲ್ಮೈಗೆ ಹತ್ತಿಕೊಂಡು ಧೂಳನ್ನು ಹಿಡಿದಿಡುತ್ತವೆ. ಅದನ್ನು ತೆಗೆಯಲು ರಾಸಾಯನಿಕ ಬಳಸಿ ತೊಳೆಯಬೇಕಾಗುತ್ತದೆ, ಪ್ರತಿ ಬಾರಿ ತೊಳೆದಾಗಲೂ ಕಲ್ಲು ಸ್ವಲ್ಪ ಸವೆಯುತ್ತದೆ. ಮೂರ್ತಿಗೆ ಸಲ್ಲಬೇಕಾದ ಕುಂಕುಮವನ್ನು ಅರ್ಚಕರ ಕೈಗೆ ಕೊಡತಕ್ಕದ್ದು, ದೀಪವನ್ನು ಅದಕ್ಕೆಂದು ಇಟ್ಟಿರುವ ಸ್ಥಳದಲ್ಲಿ ಮಾತ್ರ ಹಚ್ಚತಕ್ಕದ್ದು. ಕಂಬಕ್ಕೆ ಕುಂಕುಮ ಹಚ್ಚುವುದರಿಂದ ಯಾವ ಪುಣ್ಯವೂ ಬರುವುದಾಗಿ ಯಾವ ಆಗಮದಲ್ಲಿಯೂ ಹೇಳಿದಂತೆ ಕಾಣುವುದಿಲ್ಲ.

ಆವರಣದ ಉತ್ತರಕ್ಕೆ ಶೃಂಗಿ ತೀರ್ಥವೆಂದು ಕರೆಯುವ, ನಾಲ್ಕೂ ಕಡೆ ಮೆಟ್ಟಿಲುಗಳಿರುವ ವಿಶಾಲವಾದ ಕಲ್ಯಾಣಿಯಿದೆ. ದಕ್ಷಿಣ ಪಿನಾಕಿನಿಯ ಮೂಲ ಇದೇ ಎಂಬುದು ಸ್ಥಳದ ನಂಬಿಕೆ. ದೀಪೋತ್ಸವದ ಸಂದರ್ಭದಲ್ಲಿ ಮೆಟ್ಟಿಲುಗಳ ಮೇಲೆ ಹಣತೆಗಳನ್ನು ಇಡಲಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಮಕ್ಕಳನ್ನು ನೀರಿನ ಅಂಚಿಗೆ ಬಿಡಬಾರದು. ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ. ಹೂವು, ಎಲೆ, ಪ್ಲಾಸ್ಟಿಕ್ ಚೀಲ, ಹಳೆಯ ದೇವರ ಪಟ ಇತ್ಯಾದಿಗಳನ್ನು ಕಲ್ಯಾಣಿಗೆ ವಿಸರ್ಜಿಸುವುದನ್ನು ಕಟ್ಟುನಿಟ್ಟಾಗಿ ತಪ್ಪಿಸಬೇಕು.

ಒಂದು ಕಟ್ಟಡ, ಎರಡು ಆಡಳಿತ

ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವೃತ್ತಕ್ಕೆ ಸೇರಿದ, ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕವಾಗಿದೆ. ಇದಕ್ಕೆ ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮ, 1958 ಹಾಗೂ ಅದರಡಿ ರಚಿತವಾದ 1959ರ ನಿಯಮಗಳು ಅನ್ವಯವಾಗುತ್ತವೆ. ಸ್ಮಾರಕವೆಂದು ಘೋಷಿಸಿದ ಮಾತ್ರಕ್ಕೆ ಪೂಜೆ ನಿಲ್ಲುವುದಿಲ್ಲ. ಘೋಷಣೆಯಾದಾಗ ಪೂಜೆ ನಡೆಯುತ್ತಿದ್ದಲ್ಲಿ ಅದು ಮುಂದುವರಿಯುತ್ತದೆ, ನಿಂತುಹೋಗಿದ್ದಲ್ಲಿ ಹೊಸದಾಗಿ ಆರಂಭಿಸಲು ಬಿಡುವುದಿಲ್ಲ. ಹಂಪಿಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ವಿರೂಪಾಕ್ಷನಿಗೆ ನಿತ್ಯಪೂಜೆ ನಡೆಯುತ್ತದೆ, ವಿಜಯವಿಠ್ಠಲ ದೇವಾಲಯದಲ್ಲಿ ಇಲ್ಲ. ನಂದಿಯು ಮೊದಲನೆಯ ಬಗೆಗೆ ಸೇರಿದುದು. 1958ರ ಅಧಿನಿಯಮದ 16ನೇ ಪ್ರಕರಣವು ಪೂಜಾ ಸ್ಥಳವಾಗಿರುವ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಬಳಸಬಾರದೆಂದೂ, ಅದನ್ನು ಮಲಿನತೆ ಹಾಗೂ ಅಪವಿತ್ರತೆಯಿಂದ ರಕ್ಷಿಸಬೇಕೆಂದೂ ವಿಧಿಸುತ್ತದೆ. ಕೇಂದ್ರದ ಕಾನೂನು ಭಕ್ತರಿಗೆ ಅಡ್ಡಿ ಎಂಬ ಅಭಿಪ್ರಾಯ ಕೆಲವರಲ್ಲಿದೆ. ಈ ಪ್ರಕರಣವನ್ನು ಓದಿದಲ್ಲಿ ಹಾಗೆನಿಸಲಾರದು.

1959ರ ನಿಯಮಗಳಂತೆ ಸಂರಕ್ಷಿತ ಸ್ಮಾರಕದೊಳಗೆ ಅನುಮತಿಸಿದ ಸ್ಥಳವನ್ನು ಬಿಟ್ಟು ಬೇರೆಡೆ ಅಡುಗೆ ಮಾಡುವುದಾಗಲಿ ಊಟ ಮಾಡುವುದಾಗಲಿ ನಿಷಿದ್ಧ. ಮಂಟಪದ ನೆರಳಿನಲ್ಲಿ ಚಿತ್ರಾನ್ನ, ಮೊಸರನ್ನ ಬಿಚ್ಚುವ ಕುಟುಂಬಗಳು ಇದನ್ನು ಗಮನಿಸಬೇಕು. ಹೊರಗಿನ ಮೈದಾನದಲ್ಲಿ ಮರಗಳ ನೆರಳಿದೆ. ಅನುಮತಿಯಿಲ್ಲದೆ ಸಾಮಾನು ಮಾರುವುದು, ಪ್ರಾಣಿಗಳನ್ನು ಅಥವಾ ವಾಹನಗಳನ್ನು ಒಳತರುವುದು, ಸ್ಥಳದ ಧಾರ್ಮಿಕ ಪದ್ಧತಿಯನ್ನು ಮೀರುವುದು ಇವೂ ನಿಷಿದ್ಧ. ಸಭೆ, ಔತಣ, ಮನರಂಜನೆಗಳಿಗೆ ಸರ್ಕಾರದ ಅನುಮತಿ ಬೇಕು. ಆದರೆ ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ ಈ ನಿರ್ಬಂಧವಿಲ್ಲ. ಗೋಡೆಯ ಮೇಲೆ ಹೆಸರು ಕೊರೆಯುವುದು, ಕೆತ್ತನೆಯನ್ನು ಭಿನ್ನಗೊಳಿಸುವುದು ಅಪರಾಧವಾಗಿದ್ದು, 2010ರ ತಿದ್ದುಪಡಿಯಂತೆ 2 ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗಬೇಕಾಗುತ್ತದೆ. ಅದಕ್ಕೆ ಮೊದಲು ಶಿಕ್ಷೆಯ ಮಿತಿ 3 ತಿಂಗಳು, ದಂಡದ ಮಿತಿ 5,000 ರೂಪಾಯಿ ಆಗಿದ್ದಿತು.

ಅದೇ ತಿದ್ದುಪಡಿಯಿಂದ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶವೆಂದೂ ಅದರಾಚೆ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶವೆಂದೂ ಗೊತ್ತುಪಡಿಸಲಾಗಿದೆ. ಇದರ ಹೊರೆ ಬೀಳುವುದು ಯಾತ್ರಿಕರ ಮೇಲಲ್ಲ, ಗ್ರಾಮಸ್ಥರ ಮೇಲೆ. ದೇವಾಲಯದ ಪಕ್ಕದಲ್ಲಿಯೇ ತಲೆಮಾರುಗಳಿಂದ ಇರುವವರು ಮನೆಯ ದುರಸ್ತಿಗೂ ಅನುಮತಿ ಪಡೆಯಬೇಕು, ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತೆಯೇ ಇಲ್ಲ. ದೇವಾಲಯದ ಸುತ್ತ ಬಹುಮಹಡಿ ಕಟ್ಟಡಗಳಿಲ್ಲದೆ ಬೆಟ್ಟದ ಹಿನ್ನೆಲೆಯಲ್ಲಿ ಶಿಖರಗಳು ಕಾಣುವುದನ್ನು ಮೆಚ್ಚುವ ನಗರವಾಸಿಗಳು, ಆ ನೋಟದ ಬೆಲೆಯನ್ನು ತೆರುತ್ತಿರುವವರು ಯಾರೆಂಬುದನ್ನೂ ತಿಳಿದಿರಬೇಕು. ಗ್ರಾಮದ ಅಂಗಡಿಯಲ್ಲಿ ಹಣ್ಣು ಕಾಯಿ ಕೊಳ್ಳುವಾಗ ಚೌಕಾಸಿ ಸ್ವಲ್ಪ ಕಡಿಮೆ ಮಾಡಿದಲ್ಲಿ ತಪ್ಪಿಲ್ಲ.

ಛಾಯಾಚಿತ್ರದ ವಿಷಯ. ಯಾತ್ರಿಕರು ಕೈಯಲ್ಲಿ ಹಿಡಿಯುವ ಕ್ಯಾಮೆರಾದಿಂದ ಆವರಣದ ಹೊರಭಾಗದ ಚಿತ್ರ ತೆಗೆಯುವುದಕ್ಕೂ, ಮದುವೆಗೆ ಮುಂಚಿನ ಚಿತ್ರೀಕರಣವೆಂದು ದೀಪ, ಸ್ಟ್ಯಾಂಡು, ಬಟ್ಟೆ ಬದಲಿಸುವ ಡೇರೆಗಳೊಂದಿಗೆ ಬರುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪೂರ್ವಾನುಮತಿ ಬೇಕು. ದೇವಾಲಯದ ಸಿಬ್ಬಂದಿ ಅಥವಾ ಅರ್ಚಕರು ಬಾಯಿಮಾತಿನಲ್ಲಿ ಕೊಟ್ಟ ಒಪ್ಪಿಗೆ ಇದಕ್ಕೆ ಸಾಲದು. ಗರ್ಭಗೃಹದ ಚಿತ್ರ ತೆಗೆಯುವಂತಿಲ್ಲ. ಇದಲ್ಲದೆ ರಾಜ್ಯದ ಮುಜರಾಯಿ ದೇವಾಲಯಗಳ ಒಳಗೆ ಮೊಬೈಲ್ ದೂರವಾಣಿಯ ಬಳಕೆಯನ್ನು ನಿರ್ಬಂಧಿಸಿ 2023ರ ಜುಲೈ ತಿಂಗಳಿನಲ್ಲಿ ಆದೇಶ ಹೊರಡಿಸಲಾಗಿದೆ.

ದೀಪದ ಎಣ್ಣೆಯ ಲೆಕ್ಕ

ಪೂಜೆ, ಅರ್ಚಕರು, ಹುಂಡಿ, ಸೇವಾ ಶುಲ್ಕ, ಜಾತ್ರೆ ಇವು ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಇಲಾಖೆಗೆ, ಅಂದರೆ ಜನರು ಮುಜರಾಯಿ ಎಂದು ಕರೆಯುವ ಇಲಾಖೆಗೆ ಸೇರಿವೆ. ಮುಜರಾ ಎಂಬುದು ಪಾರಸಿಯ ಮೂಲಕ ಬಂದ ಅರಬ್ಬೀ ಮಾತು. ಲೆಕ್ಕದಲ್ಲಿ ಕಳೆದುಕೊಡುವುದು, ಮಜುರೆ ಕೊಡುವುದು ಎಂದು ಅರ್ಥ. ಕಂದಾಯದಲ್ಲಿ ದೇವರ ಪಾಲನ್ನು ಕಳೆದು ಉಳಿದುದನ್ನು ಖಜಾನೆಗೆ ಜಮಾ ಮಾಡಿದ ಕಾಲದ ಹೆಸರು ಇಂದಿಗೂ ಉಳಿದಿದೆ. ವಾಣಿಜ್ಯಶಾಸ್ತ್ರ ಓದಿದವರಿಗೆ ಒಂದು ಇಲಾಖೆಗೆ ಇದಕ್ಕಿಂತ ನೇರವಾದ ಹೆಸರು ತೋಚಲಾರದು.

ಆ ಪಾಲು ಬದಲಾದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಪ್ರಾಚೀನ ಕಾಲದಲ್ಲಿ ದೇವರಿಗೆ ಭೂಮಿಯನ್ನೇ ಬಿಡಲಾಗುತ್ತಿತ್ತು. ಅದರ ಫಸಲಿನಿಂದ ನೈವೇದ್ಯ, ದೀಪ, ಅರ್ಚಕರ ಜೀವನ ಎಲ್ಲವೂ ನಡೆಯುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1927ರ ಧಾರ್ಮಿಕ ಹಾಗೂ ಧರ್ಮಾರ್ಥ ಸಂಸ್ಥೆಗಳ ಕಾಯಿದೆ ಜಾರಿಗೆ ಬಂದಿತು. 1955ರಲ್ಲಿ ಮೈಸೂರು ರಾಜ್ಯವು ಧಾರ್ಮಿಕ ಹಾಗೂ ಧರ್ಮಾರ್ಥ ಇನಾಮುಗಳ ರದ್ದಿಯಾತಿ ಕಾಯಿದೆಯನ್ನು ತಂದು, ದೇವರ ಭೂಮಿಯನ್ನು ಉಳುತ್ತಿದ್ದವರಿಗೆ ಹಕ್ಕು ಕೊಟ್ಟು, ದೇವಾಲಯಗಳಿಗೆ ಅದರ ಬದಲು ವಾರ್ಷಿಕ ನಗದು ಮೊತ್ತವನ್ನು ಗೊತ್ತುಪಡಿಸಿತು. ಇದಕ್ಕೆ ತಸ್ತೀಕ್ ಎಂದು ಹೆಸರು. ಉಳುವವನಿಗೆ ಭೂಮಿ ದೊರೆತುದು ನ್ಯಾಯವೇ. ಆದರೆ ಭೂಮಿಯ ಫಸಲಿನ ಬೆಲೆ ವರ್ಷ ವರ್ಷ ಏರುತ್ತದೆ, ನಿಗದಿಯಾದ ನಗದು ಏರುವುದಿಲ್ಲ ಎಂಬುದು ಲೆಕ್ಕ ತಿಳಿದ ಯಾರಿಗಾದರೂ ಗೊತ್ತಿರುವ ಸಂಗತಿ. ಆದಕಾರಣ ತಸ್ತೀಕನ್ನು ಸರ್ಕಾರ ಆಗಾಗ್ಗೆ ಪರಿಷ್ಕರಿಸಬೇಕಾಗಿದೆ. 2025-26ರ ಆಯವ್ಯಯದಲ್ಲಿ ಅದನ್ನು ವಾರ್ಷಿಕ 60,000 ರೂಪಾಯಿಯಿಂದ 72,000 ರೂಪಾಯಿಗೆ ಏರಿಸುವುದಾಗಿ ಘೋಷಿಸಲಾಯಿತು. ತಿಂಗಳಿಗೆ 6,000 ರೂಪಾಯಿ, ದಿನಕ್ಕೆ 200 ರೂಪಾಯಿಗೆ ತುಸು ಕಡಿಮೆ. ಹಳ್ಳಿಯ ಗುಡಿಯಲ್ಲಿ ದೀಪದ ಎಣ್ಣೆ, ಹೂವು, ನೈವೇದ್ಯದ ಅಕ್ಕಿ, ಅರ್ಚಕರ ಸಂಸಾರ ಇವೆಲ್ಲಕ್ಕೂ ಆಧಾರ ಇದೇ. ಅಂತಹ ಗುಡಿಯಲ್ಲಿ ಮಂಗಳಾರತಿ ತಟ್ಟೆಗೆ ಹಾಕುವ ಕಾಸಿನ ಬಗ್ಗೆ ಯಾರೂ ಹಗುರವಾಗಿ ಮಾತನಾಡಬಾರದು.

ಸದ್ಯ ರಾಜ್ಯದಾದ್ಯಂತ ಅನ್ವಯವಾಗುವುದು ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ, 1997. ಇದು 2003ರ ಮೇ 1ರಿಂದ ಜಾರಿಗೆ ಬಂದು, ಹಳೆಯ ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು, ಕೊಡಗು ಪ್ರಾಂತ್ಯಗಳಲ್ಲಿ ಬೇರೆ ಬೇರೆಯಾಗಿದ್ದ ಕಾಯಿದೆಗಳ ಸ್ಥಾನದಲ್ಲಿ ನಿಂತಿತು. ಮುಜರಾಯಿಗೆ ಸೇರಿದ 34,000ಕ್ಕೂ ಹೆಚ್ಚು ದೇವಾಲಯಗಳನ್ನು ವಾರ್ಷಿಕ ಆದಾಯಕ್ಕನುಗುಣವಾಗಿ ಎ, ಬಿ, ಸಿ ಎಂದು ವಿಂಗಡಿಸಲಾಗಿದೆ. 25 ಲಕ್ಷ ರೂಪಾಯಿ ಮೀರಿದವು ಎ, 5ರಿಂದ 25 ಲಕ್ಷದವು ಬಿ, ಅದಕ್ಕಿಂತ ಕಡಿಮೆಯವು ಸಿ. ಎ ಮತ್ತು ಬಿ ಎರಡೂ ಸೇರಿ ಕೆಲವು ನೂರು ಮಾತ್ರ, ಉಳಿದವೆಲ್ಲ ಸಿ. ಆದಾಯವುಳ್ಳ ದೇವಾಲಯಗಳಿಂದ ಒಂದು ಅಂಶವನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಡೆದು, ಆದಾಯವಿಲ್ಲದ ದೇವಾಲಯಗಳ ದುರಸ್ತಿ ಹಾಗೂ ಅರ್ಚಕರ ಕ್ಷೇಮಕ್ಕೆ ಬಳಸಲು ಅವಕಾಶವಿದೆ. ದೊಡ್ಡ ಕ್ಷೇತ್ರದ ಹುಂಡಿಗೆ ಹಾಕಿದ ಹಣದಲ್ಲಿ ಸ್ವಲ್ಪ ಭಾಗ ಹೆಸರು ಕೇಳದ ಹಳ್ಳಿಯ ಗುಡಿಗೆ ತಲುಪುವ ದಾರಿ ಇದು. ಹುಂಡಿಯ ಹಣ ಬೇರೆ ಕೆಲಸಗಳಿಗೆ ಹೋಗುತ್ತದೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಮಾತನ್ನು ನಂಬುವುದಕ್ಕೂ ಅಲ್ಲಗಳೆಯುವುದಕ್ಕೂ ಮೊದಲು ಲೆಕ್ಕವನ್ನು ಕೇಳಿ ಪಡೆಯುವುದು ಮೇಲು, ಹಾಗೆ ಕೇಳುವ ಹಕ್ಕು ನಾಗರಿಕರಿಗಿದೆ.

ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿದಲ್ಲಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಅರ್ಜಿಯಲ್ಲಿ ದೇವಾಲಯದ ಹೆಸರು, ಗ್ರಾಮ, ಆರ್ಥಿಕ ವರ್ಷ ಹಾಗೂ ಬೇಕಾದ ದಾಖಲೆಯನ್ನು ಸ್ಪಷ್ಟವಾಗಿ ನಮೂದಿಸಬೇಕು. ‘ಎಲ್ಲ ಲೆಕ್ಕಗಳನ್ನೂ ಕೊಡಿ’ ಎಂದು ಬರೆದಲ್ಲಿ ಉತ್ತರ ತಡವಾಗುತ್ತದೆ. ‘ಇಂತಹ ವರ್ಷದ ಹುಂಡಿ ಎಣಿಕೆಯ ಮಹಜರುಗಳ ಪ್ರತಿ’ ಎಂದು ಬರೆದಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ರಸೀದಿ ಹಾಗೂ ಅರ್ಜಿಗಳು

ಸೇವೆ ಯಾವುದೇ ಇರಲಿ, ದೇವಾಲಯದ ಕೌಂಟರಿನಲ್ಲಿ ಹಣ ಪಾವತಿಸಿ ಮುದ್ರಿತ ರಸೀದಿಯನ್ನು ಪಡೆಯತಕ್ಕದ್ದು. ಸೇವೆಗಳ ದರಪಟ್ಟಿ ಎಲ್ಲರಿಗೂ ಕಾಣುವಂತಿರಬೇಕು. ರಸೀದಿಯಿಲ್ಲದೆ ಕೊಟ್ಟ ಹಣವು ದೇವರ ಲೆಕ್ಕಕ್ಕೆ ಸೇರಿದೆಯೆಂದು ತೋರಿಸಲು ಮುಂದೆ ಯಾರಿಂದಲೂ ಸಾಧ್ಯವಾಗುವುದಿಲ್ಲ. ಬೆಳ್ಳಿ, ಬಂಗಾರ ಮುಂತಾದ ವಸ್ತುಗಳನ್ನು ಹರಕೆಯಾಗಿ ಒಪ್ಪಿಸುವವರು ತೂಕವನ್ನು ನಮೂದಿಸಿದ ಸ್ವೀಕೃತಿ ಪಡೆಯಲು ಮರೆಯಬಾರದು. ಕೆಲವು ದೇವಾಲಯಗಳ ಸೇವೆಗಳನ್ನು ಇಲಾಖೆಯ ಜಾಲತಾಣದ ಮೂಲಕ ಮುಂಗಡವಾಗಿ ಕಾಯ್ದಿರಿಸುವ ವ್ಯವಸ್ಥೆಯೂ ಇದೆ. ಖಾಸಗಿ ಜಾಲತಾಣಗಳು ದೇವಾಲಯದ ಹೆಸರಿನಲ್ಲಿ ಸೇವೆ ಮಾಡಿಸಿಕೊಡುವುದಾಗಿ ಹಣ ಕೇಳಿದಲ್ಲಿ ಪಾವತಿಸುವ ಮೊದಲು ದೇವಾಲಯದ ಕಚೇರಿಯಲ್ಲಿ ವಿಚಾರಿಸಬೇಕು.

65 ವರ್ಷ ಮೀರಿದ ಹಿರಿಯ ನಾಗರಿಕರಿಗೆ ಸರದಿಯಲ್ಲಿ ಕಾಯಿಸದೆ ದರ್ಶನ ಕಲ್ಪಿಸುವಂತೆ 2023ರಲ್ಲಿ ಮುಜರಾಯಿ ದೇವಾಲಯಗಳಿಗೆ ಸೂಚನೆ ನೀಡಲಾಗಿದೆ. ವಯಸ್ಸಿನ ದಾಖಲೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಂದಿಯ ಆವರಣದಲ್ಲಿ ಹೊಸ್ತಿಲುಗಳು ಎತ್ತರವಾಗಿದ್ದು ಕಲ್ಲು ಹಾಸು ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ. ವಯಸ್ಸಾದ ತಂದೆ ತಾಯಿಯರನ್ನು ಕರೆತರುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಬೇಕು. ಜಾತಿಯ ಕಾರಣದಿಂದ ಯಾವುದೇ ವ್ಯಕ್ತಿಗೆ ಪ್ರವೇಶವನ್ನಾಗಲಿ ತೀರ್ಥ ಪ್ರಸಾದವನ್ನಾಗಲಿ ನಿರಾಕರಿಸುವುದು ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ, 1955ರಡಿ ಶಿಕ್ಷಾರ್ಹ ಅಪರಾಧ. ಇದು ಸಣ್ಣ ಗುಡಿಗೂ ಅನ್ವಯ, ದೊಡ್ಡ ಕ್ಷೇತ್ರಕ್ಕೂ ಅನ್ವಯ. ಅಂತಹ ಘಟನೆ ನಡೆದಲ್ಲಿ ಸಮೀಪದ ಪೊಲೀಸ್ ಠಾಣೆಗೆ ದೂರು ಸಲ್ಲಿಸಬಹುದು.

ದೇವಾಲಯದಲ್ಲಿ ವಿವಾಹ ನೆರವೇರಿಸುವ ಉದ್ದೇಶವಿರುವವರು ದಿನ ಗೊತ್ತುಮಾಡುವ ಮೊದಲೇ ದೇವಾಲಯದ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ಸ್ಮಾರಕದ ಯಾವ ಭಾಗದಲ್ಲಿ ಏನನ್ನು ಮಾಡಬಹುದೆಂಬುದನ್ನು ಲಿಖಿತವಾಗಿಯೇ ತಿಳಿದುಕೊಳ್ಳಬೇಕು. ಶಾಮಿಯಾನಕ್ಕೆ ಮೊಳೆ ಹೊಡೆಯುವುದು, ಕಂಬಗಳಿಗೆ ವಿದ್ಯುತ್ ದೀಪದ ಸರ ಬಿಗಿಯುವುದು ಯಾವ ಸಂದರ್ಭದಲ್ಲಿಯೂ ಕೂಡದು. ವಧುವಿಗೆ 18, ವರನಿಗೆ 21 ವರ್ಷ ತುಂಬಿರುವ ದಾಖಲೆ ಬೇಕಾಗುತ್ತದೆ. ದೇವಾಲಯದ ರಸೀದಿಯನ್ನೇ ವಿವಾಹ ಪ್ರಮಾಣಪತ್ರವೆಂದು ತಿಳಿದು ಪಾಸ್‌ಪೋರ್ಟ್ ಅಥವಾ ಬ್ಯಾಂಕಿನ ಕೆಲಸಕ್ಕೆ ಕೊಂಡೊಯ್ಯುವವರು ಇಂದಿಗೂ ಇದ್ದಾರೆ. ರಸೀದಿಯು ಸೇವಾ ಶುಲ್ಕ ಪಾವತಿಯಾಗಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ವಿವಾಹ ನೋಂದಣಿಯನ್ನು ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಪ್ರತ್ಯೇಕವಾಗಿ ಮಾಡಿಸಬೇಕು. 2024ರಿಂದ ಕಾವೇರಿ 2.0 ತಂತ್ರಾಂಶದ ಮೂಲಕ ಹಿಂದೂ ವಿವಾಹಗಳ ನೋಂದಣಿಗೆ ಆನ್‌ಲೈನ್ ಅರ್ಜಿ ಸಲ್ಲಿಸುವ ಅವಕಾಶವೂ ಇದೆ.

ದೂರು ಸಲ್ಲಿಸುವಾಗ ವಿಷಯವನ್ನು ಬೇರ್ಪಡಿಸಿಕೊಳ್ಳಬೇಕು. ರಸೀದಿ ಕೊಡದಿರುವುದು, ದರಪಟ್ಟಿಗಿಂತ ಹೆಚ್ಚು ಹಣ ಕೇಳುವುದು, ಪೂಜೆಯಲ್ಲಿ ಲೋಪ, ಸಿಬ್ಬಂದಿಯ ವರ್ತನೆ ಇವುಗಳನ್ನು ದೇವಾಲಯದ ಆಡಳಿತಕ್ಕೂ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಚಿಕ್ಕಬಳ್ಳಾಪುರ ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳ ಕಚೇರಿಯ ಮುಜರಾಯಿ ಶಾಖೆಗೂ ಬರೆಯಬೇಕು. ಚಾವಣಿ ಸೋರುವುದು, ಕಲ್ಲು ಸಡಿಲವಾಗಿರುವುದು, ಕೆತ್ತನೆಗೆ ಹಾನಿ, ಅನುಮತಿಯಿಲ್ಲದ ಚಿತ್ರೀಕರಣ, ಆವರಣಕ್ಕೆ ತಾಗಿದ ಕಟ್ಟಡ ಕಾಮಗಾರಿ ಇವುಗಳನ್ನು ಸರ್ವೇಕ್ಷಣ ಇಲಾಖೆಯ ಬೆಂಗಳೂರು ವೃತ್ತ ಕಚೇರಿಗೆ, ಅಂದರೆ ಕೋರಮಂಗಲದ ಕೇಂದ್ರೀಯ ಸದನಕ್ಕೆ ಬರೆಯಬೇಕು. ವಿದ್ಯಾರಣ್ಯಪುರದ ನಿವಾಸಿಗಳು ತಾವು ಬೆಂಗಳೂರಿನವರೆಂದು ಇಲ್ಲಿನ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಲ್ಲಿ ಅದು ವರ್ಗಾವಣೆಯಾಗಿ ಸಾಗುವುದರಲ್ಲಿ ದಿನಗಳು ಕಳೆಯುತ್ತವೆ. ಅಧಿಕಾರ ವ್ಯಾಪ್ತಿಯು ದೇವಾಲಯವಿರುವ ಜಿಲ್ಲೆಯದು, ಅರ್ಜಿದಾರರ ಮನೆಯಿರುವ ಜಿಲ್ಲೆಯದಲ್ಲ. ನಂದಿ ಗ್ರಾಮವು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದು, ನಂತರ ಹೊಸದಾಗಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಹಳೆಯ ದಾಖಲೆ ಹುಡುಕುವವರು ಇದನ್ನು ನೆನಪಿನಲ್ಲಿಡಬೇಕು.

ಶಿವರಾತ್ರಿ ಜಾತ್ರೆ

ಮಹಾಶಿವರಾತ್ರಿಯ ಸಮಯದಲ್ಲಿ ನಂದಿಯ ಜಾತ್ರೆ ನಡೆಯುತ್ತದೆ. ಮರುದಿನ ಜೋಡಿ ರಥಗಳ ಬ್ರಹ್ಮರಥೋತ್ಸವವಿರುತ್ತದೆ. ಜಾತ್ರೆಯೊಂದಿಗೆ ಸೇರುವ ದನಗಳ ಪರಿಷೆಯು ಹಿಂದಿನ ಮೈಸೂರು ಗೆಜೆಟಿಯರುಗಳಲ್ಲಿಯೂ ಉಲ್ಲೇಖವಾಗಿರುವಷ್ಟು ಹಳೆಯದು. ಸುತ್ತಲಿನ ತಾಲ್ಲೂಕುಗಳ ರೈತರು ಎತ್ತುಗಳನ್ನು ಶೃಂಗರಿಸಿ ತರುತ್ತಾರೆ. ನಗರದಲ್ಲಿ ಬೆಳೆದ ಮಕ್ಕಳಿಗೆ ಇದನ್ನು ತೋರಿಸಬೇಕೆನ್ನುವವರು ಪರಿಷೆಯ ದಿನಗಳಲ್ಲಿಯೇ ಬರಬೇಕು. ಸಮಾಧಾನದಿಂದ ದರ್ಶನವಾಗಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಬರಬೇಕು. ಎರಡೂ ಒಂದೇ ದಿನ ಆಗುವುದಿಲ್ಲ.

ರಥೋತ್ಸವದ ದಿನ ವಾಹನಗಳನ್ನು ಗ್ರಾಮದ ಹೊರಗೇ ನಿಲ್ಲಿಸಬೇಕಾಗುತ್ತದೆ. ರಥದ ಮಿಣಿಯ ಸಮೀಪಕ್ಕೆ ಮಕ್ಕಳನ್ನು ಬಿಡಬಾರದು, ರಥದ ಮೇಲೆ ಬಾಳೆಹಣ್ಣು ದವನ ಎಸೆಯುವವರು ಗಾಲಿಯಿಂದ ದೂರ ನಿಲ್ಲಬೇಕು. ಯೋಗನಂದೀಶ್ವರನ ದರ್ಶನಕ್ಕೆ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟವನ್ನೇರುವವರು, ಬೆಟ್ಟದ ರಸ್ತೆಯ ದ್ವಾರ ತೆರೆಯುವ ಹಾಗೂ ಮುಚ್ಚುವ ವೇಳೆಯೂ ಅಲ್ಲಿನ ಆಡಳಿತವೂ ಕೆಳಗಿನ ದೇವಾಲಯಕ್ಕಿಂತ ಬೇರೆಯೆಂಬುದನ್ನು ಗಮನಿಸಿ, ಕತ್ತಲಾಗುವ ಮುನ್ನ ಕೆಳಗಿಳಿಯುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳಲು ಕೋರಲಾಗಿದೆ.